ಹೆಸರು ಬೇಡವೆಂದ ಫಾರಂ

ಧನುರ್ಮಾಸದ ಕೊನೆಯ ವಾರ. ನಾಗಮಂಗಲದಿಂದ ಪಾಂಡವಪುರಕ್ಕೆ ಹೋಗುವ ರಸ್ತೆಯ ಉದ್ದಕ್ಕೂ ಹುರುಳಿ ಒಕ್ಕಣೆ ನಡೆದಿತ್ತು. ಕಣ ಕೆತ್ತಿ, ಸಗಣಿ ಸಾರಿಸಿ, ಎತ್ತಿಗೆ ಗುಂಡು ಕಟ್ಟಿ ಸುತ್ತಿಸುವ ತಾಪತ್ರಯವನ್ನು ಈ ಕಡೆಯವರು ಬಿಟ್ಟು ಐದಾರು ವರ್ಷವಾಗಿತ್ತು. ಟಾರು ರಸ್ತೆಯೇ ಕಣ, ಬಸ್ಸು ಲಾರಿಗಳೇ ಎತ್ತು. ಹೊತ್ತು ಹುಟ್ಟುವ ಮುಂಚೆ ಗಿಡ ಹರಡಿದರೆ ಮಧ್ಯಾಹ್ನದ ಹೊತ್ತಿಗೆ ಕಾಳು ಬಿಟ್ಟುಕೊಳ್ಳುತ್ತಿತ್ತು. ಗಾಳಿ ಬಂದಾಗ ತೂರಿಕೊಂಡರಾಯಿತು.

ಬಸ್ಸಿನ ಚಕ್ರದಡಿ ಗಿಡ ಪಟಪಟ ಮುರಿಯುತ್ತಿತ್ತು. ಡ್ರೈವರು ಬೈಯುತ್ತಲೇ ಇದ್ದ.

"ಸರ್ಕಾರ ನಂಗೆ ಸಂಬ್ಳ ಕೊಡದು ಬಸ್ ಓಡ್ಸಕ್ಕೋ, ಇವ್ರ ಉಳ್ಳಿ ತುಳ್ಸಕ್ಕೋ?"

"ಓಗ್ಲಿ ಬುಡಣ್ಣ," ಅಂದ ಕಂಡಕ್ಟರು. "ಇಳ್ಕಂಡು ಒಂದ್ ಸೇರು ಕೇಳು. ಮನೇಲಿ ಬಸ್ಸಾರು ಮಾಡ್ಸು."

ಕಿಟಕಿಯ ಪಕ್ಕ ಕುಳಿತಿದ್ದ ರಂಜಿತ ನಗಲಿಲ್ಲ. ಅವಳ ತೊಡೆಯ ಮೇಲಿನ ವ್ಯಾನಿಟಿ ಬ್ಯಾಗಿನೊಳಗೆ ಒಂದು ಕಂದು ಕವರಿತ್ತು. ಕವರಿನಲ್ಲಿ ಎರಡು ಕಾಗದ. ಒಂದನ್ನು ಅವಳೇ ಟೈಪು ಮಾಡಿದ್ದಳು. ನೀಲಾಂಬರ ಏರ್‌ವೇಸಿನ ಬೆಂಗಳೂರು ಆಫೀಸಿನಲ್ಲಿ ನಾಲ್ಕು ವರ್ಷ ಸಾವಿರಾರು ಹಾಳೆ ಟೈಪು ಮಾಡಿದ್ದರೂ, ಕೆಳಗೆ ತನ್ನದೇ ಸಹಿ ಇದ್ದದ್ದು ಇದೊಂದಕ್ಕೇ.

ಮಾರನಕೊಪ್ಪಲು ಹತ್ತಿರವಾಗುತ್ತಿದ್ದಂತೆ ಹಿಂದಿನ ಸೀಟಿನವನೊಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

"ಏನ್ಲಾ ಕ್ಯಾಮ್ರಾ! ನಮ್ ಬಸ್ದು ಒಂದ್ ಪಟ ಇಡಿಲಾ!"

ಬಸ್ಸಿನ ಅರ್ಧ ಜನ ನಕ್ಕರು. ರಸ್ತೆಯ ಅಂಚಿನಲ್ಲಿ ತಲೆಗೆ ಟವೆಲು ಸುತ್ತಿಕೊಂಡು, ಕೋಲಿನಿಂದ ಹುರುಳಿ ಗಿಡ ಮಗುಚುತ್ತಿದ್ದವನು ತಲೆ ಎತ್ತಲಿಲ್ಲ. ಕೈಯ ಕೋಲು ಒಂದು ಕ್ಷಣ ನಿಂತು, ಮತ್ತೆ ಆಡಿತು.

ಅವನೇ. ಚಿಕ್ಕಸ್ವಾಮಿ. ಹನ್ನೊಂದು ತಿಂಗಳಾಗಿತ್ತು ನೋಡಿ.

"ಇಲ್ಲೇ ಇಳೀತೀನಿ," ಎಂದು ರಂಜಿತ ಎದ್ದಳು. ನಗುತ್ತಿದ್ದವರು ನಗು ನಿಲ್ಲಿಸಿ ಅವಳ ಸೀರೆ, ಚಪ್ಪಲಿ, ಕೈಗಡಿಯಾರ ನೋಡಿದರು.

ಮೊದಲು ಗುರುತು ಹಿಡಿದದ್ದು ಅವನ ತಾಯಿ ಪುಟ್ಟತಾಯಮ್ಮ. ಎರಡು ವರ್ಷದ ಹಿಂದೆ ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಒಂದು ಸಲ ನೋಡಿದ್ದವಳು. ಅವತ್ತು ಮಡಿಲ ತುಂಬ ಸೊಗಡವರೆ ತಂದು ಹಾಕಿ, ಕೆನ್ನೆ ಸವರಿ, ಮಗನ ಕಡೆ ನೋಡಿ ನಕ್ಕಿದ್ದಳು.

"ಅಯ್ಯೋ ನಮ್ಮವ್ವ! ಆಪೀಸ್ ಉಡ್ಗಿ ಅಲ್ವಾ! ಲೇ ಸ್ವಾಮಿ, ನೋಡ್ಲಾ ಯಾರ್ ಬಂದವ್ರೆ! ಇಂಗ್ ಬಿಸ್ಲಲ್ಲಿ ನಿಂತ್ಕಬ್ಯಾಡ ಕನವ್ವ. ನೀರ್ ತತ್ತೀನಿ ತಡಿ."

ಮುದುಕಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಮನೆಯ ಕಡೆ ಓಡಿದಳು. ಉಳಿದವರಿಬ್ಬರೇ.

ಸ್ವಾಮಿ ಟವೆಲು ಬಿಚ್ಚಿ ಮುಖ ಒರೆಸಿಕೊಂಡ. ಕಪ್ಪಾಗಿದ್ದ. ಕತ್ತಿನ ಮೂಳೆ ಎದ್ದಿತ್ತು. ಕಣ್ಣು ಮಾತ್ರ ಹಳೆಯದೇ. ಅವಳ ಹಣೆಯಿಂದ ಶುರುವಾಗಿ ಮೆಲ್ಲಗೆ ಇಳಿದು, ಗಲ್ಲದ ಮಚ್ಚೆಯ ಹತ್ತಿರ ಬಂದು ತಡೆಯುವ ಕಣ್ಣು. ಇವತ್ತೂ ಅಲ್ಲಿ ಒಂದು ಗಳಿಗೆ ತಡೆಯಿತು. ಆಮೇಲೆ ಬೇಕೆಂದೇ ಬಿಡಿಸಿಕೊಂಡು ಹೋಯಿತು.

"ನಿಮ್ಮನೇಲಿ ಯಾರೂ ಸತ್ತಿಲ್ವಲ್ಲ? ಇಷ್ಟ್ ದೂರ ಬಂದಿದ್ದೀಯ."

"ನೋಡ್ಬೇಕು ಅನ್ನಿಸ್ತು."

"ಅನ್ನಿಸಕ್ಕೆ ಅನ್ನೊಂದ್ ತಿಂಗ್ಳು ಬೇಕಾಯ್ತಾ? ಎರಡ್ ಕಾಗ್ದ ಬರ್ದೆ. ಪೋಸ್ಟ್‌ಮನ್ನು ನನ್ ಮಕ ಕಂಡ್ರೆ ತಪ್ಪಿಸ್ಕಂಡ್ ಓಯ್ತಿದ್ದ, ಪಾಪ."

ಅವನು ಮತ್ತೆ ಕೋಲು ಹಿಡಿದು ಗಿಡ ಮಗುಚತೊಡಗಿದ. ಹಿಂದೆ ಹಿಂದೆಯೇ ಅವಳೂ ರಸ್ತೆಯ ಅಂಚಿನಲ್ಲಿ ನಡೆದಳು.

*

ಅವರಿಬ್ಬರ ಪ್ರೀತಿ ಬೆಳೆದದ್ದು ಬಸ್ಸಿನಲ್ಲಿ. ಶನಿವಾರ ಮಧ್ಯಾಹ್ನ ಬೆಂಗಳೂರಿನಿಂದ ಹೊರಡುವ ಪಾಂಡವಪುರದ ಬಸ್ಸು. ಅವಳು ನಾಗಮಂಗಲಕ್ಕೆ ಇಳಿಯುವಳು, ಅವನು ಇನ್ನೂ ಮುಂದೆ. ಒಂದೇ ಕಂಪನಿ ಅನ್ನುವುದೇ ಮೊದಲು ಗೊತ್ತಿರಲಿಲ್ಲ. ಅವಳು ಪರ್ಸನಲ್ ಡಿಪಾರ್ಟ್‌ಮೆಂಟಿನ ಟೈಪಿಸ್ಟು. ಅವನು ವಿಮಾನದ ಹೊಟ್ಟೆಗೆ ಪೆಟ್ಟಿಗೆ ತುಂಬುವ ಲೋಡರು.

ಯಾವ ಪೆಟ್ಟಿಗೆಯನ್ನಾದರೂ ಒಂದು ಕೈಯಲ್ಲಿ ಎತ್ತಿ ಇಷ್ಟೇ ಕೆಜಿ ಎಂದು ಹೇಳಬಲ್ಲವನಾಗಿದ್ದ. ಒಂದು ದಿನ ಅವಳ ವ್ಯಾನಿಟಿ ಬ್ಯಾಗು ಎತ್ತಿ, ಕಣ್ಣು ಮುಚ್ಚಿ, ತೂಗಿ ನೋಡಿದ.

"ಇದ್ಯಾಕ್ ಇಷ್ಟ್ ಭಾರ? ಮ್ಯಾನೇಜರ್ ಸುಳ್ಳೆಲ್ಲ ಮನೆಗ್ ತಕ್ಕಂಡ್ ಓಯ್ತಿದ್ದೀಯಾ?"

"ಟಿಫಿನ್ ಬಾಕ್ಸು ಅದು."

"ಅಂಗಾರೆ ಸರಿ. ನನ್ ಪಾಲು ಐತಾ ಅದ್ರಲ್ಲಿ?"

ಪಾಲು ಇತ್ತು. ಆಮೇಲಿನ ಶನಿವಾರಗಳಲ್ಲಿ ಎರಡು ಚಪಾತಿ ಹೆಚ್ಚಿಗೆಯೇ ಇರುತ್ತಿತ್ತು. ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ನಿಂತಾಗ ತಿನ್ನುವರು. ಅವನು ಕಡೆಯ ತುತ್ತು ಅಗಿಯುತ್ತ ಅವಳ ಗಲ್ಲದ ಮಚ್ಚೆಯನ್ನೇ ನೋಡುವನು. ಅವಳು ಗೊತ್ತಾದರೂ ಗೊತ್ತಾಗದವಳ ಹಾಗೆ ಕಿಟಕಿಯ ಕಡೆ ತಿರುಗುವಳು. ಕಿಟಕಿ ಗಾಜಿನಲ್ಲಿ ಅವನೇ ಕಾಣುತ್ತಿದ್ದ.

ರಜೆಗೆ ಊರಿಗೆ ಬಂದಾಗ ಕಾಗದ ಬರೆಯುತ್ತಿದ್ದ. ಎಲ್ಲ ಕಾಗದದ ನೆತ್ತಿಯಲ್ಲೂ ಮನೆದೇವರ ಹೆಸರು: ಶ್ರೀ ಕೋಡಿಮಾರಮ್ಮ ಪ್ರಸನ್ನ.

"ಲವ್ ಲೆಟರಿಗೂ ದೇವ್ರ ಹೆಸ್ರಾ?" ಎಂದು ಅವಳು ರೇಗಿಸಿದ್ದಳು.

"ದೇವ್ರೆಸ್ರಿಲ್ದೆ ಕಾಗ್ದ ಮುಟ್ಬಾರ್ದು ಅಂತ ಅವ್ವ ಏಳ್ಕೊಟ್ಟವ್ಳೆ. ನಮ್ಮೂರ್ ಕೆರೆ ಕೋಡಿ ಮೇಲಿರೋ ಅಮ್ಮ. ನಮ್ಮೊಕ್ಲು ಬುಟ್ರೆ ಬೇರೆ ಯಾರಿಗೂ ಗೊತ್ತಿಲ್ಲ. ಮದ್ವೆ ಆದ್ಮೇಲೆ ನೀನೂ ಬರೀಬೇಕಾಯ್ತದೆ, ಈಗಿಂದ್ಲೇ ಬಾಯಿಪಾಠ ಮಾಡ್ಕೊ."

ಅವಳ ತಂದೆ ಚೌಡಯ್ಯ ನಾಗಮಂಗಲದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಜಾತಿ ಒಂದೇ, ಹೊಲಮನೆ ಇದೆ, ತಕರಾರೆತ್ತಲು ಬೇರೇನೂ ಇರಲಿಲ್ಲ. ಅವರು ಎತ್ತಿದ್ದು ಕೆಲಸದ ತಕರಾರು. "ಮೂಟೆ ಹೊರೋನಿಗೆ ಕೊಡಕ್ಕೆ ನಿನ್ನ ಬಿ.ಕಾಂ. ಓದಿಸಿದ್ನಾ? ಸೂಪರ್‌ವೈಜರ್ ಆಗ್ಲಿ. ಆಮೇಲ್ ಕೂತ್ಕಂಡ್ ಮಾತಾಡಣ."

ಆ ಮಾತು ರಂಜಿತಳ ಎದೆಯಲ್ಲಿ ಕೂತುಬಿಟ್ಟಿತು.

ಅದೇ ಹೊತ್ತಿಗೆ ಬೊಂಬಾಯಿಯ ಹೆಡ್ ಆಫೀಸಿನಿಂದ ಫಾರಂ ಬಂದವು. ಆಡಳಿತ ವರ್ಗದ ಬಗ್ಗೆ ನೌಕರರ ಅಭಿಪ್ರಾಯ. ಆಡಳಿತ ವರ್ಗ ನಿಮಗೆ ನಿಜ ಹೇಳುತ್ತದೆಯೇ? ಮೇಲಿನವರು ಕೆಳಗಿನವರು ಪರಸ್ಪರ ಹೇಗಿದ್ದೀರಿ? ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಹೆಸರು ಬರೆಯಬೇಡಿ, ಮನಸ್ಸು ಬಿಚ್ಚಿ ಬರೆಯಿರಿ, ಯಾವ ಭಾಷೆಯಲ್ಲಾದರೂ ಬರೆಯಿರಿ.

ನಲವತ್ತೊಂದು ಫಾರಂ ತುಂಬಿ ಬಂದವು. ಒಂದೊಂದಕ್ಕೂ ಬಂದ ತಾರೀಖಿನ ಮೊಹರು ಒತ್ತಿದವಳು ಅವಳೇ. ಮೂರು ಕನ್ನಡದವು. ಅವನ್ನು ಇಂಗ್ಲಿಷಿಗೆ ಮಾಡಿ ಟೈಪು ಮಾಡುವ ಕೆಲಸವೂ ಅವಳದೇ. ಮೂರನೆಯದರ ನೆತ್ತಿ ನೋಡಿ ಅವಳ ಕೈ ನಿಂತಿತು. ಶ್ರೀ ಕೋಡಿಮಾರಮ್ಮ ಪ್ರಸನ್ನ.

ಒಳಗೆ ಹೀಗಿತ್ತು:

'ಮೂರು ವಿಮಾನ ಇದೆ ಅಂತ ಬೋರ್ಡು ಹಾಕವ್ರೆ. ಹಾರೋದು ಎರಡು. ಮೂರನೇದರ ಸಾಮಾನು ಬಿಚ್ಚಿ ಎರಡಕ್ಕೆ ಹಾಕ್ತಾರೆ. ಅದು ಹೊರಡದೆ ಇದ್ದಾಗ ಹವಾಮಾನ ಸರಿಯಿಲ್ಲ ಅಂತ ಪ್ಯಾಸೆಂಜರಿಗೆ ಹೇಳಿ ಅಂತಾರೆ. ಆಕಾಶದಲ್ಲಿ ಒಂದು ಮೋಡ ಇರಲ್ಲ. ಸುಳ್ಳು ಮಾಡೋದು ಅವರು, ಹೇಳೋ ಕೆಲಸ ನಮಗೆ. ಕೆಳಗಿನೋರು ನಾವು ಚೆನ್ನಾಗಿದ್ದೀವಿ, ಒಬ್ಬನ ಬುತ್ತಿ ಇನ್ನೊಬ್ಬ ಉಣ್ತೀವಿ. ಮೇಲಿನೋರು ನಮ್ಮ ಹೆಸರು ಕೇಳಲ್ಲ, ನಂಬರು ಕೇಳ್ತಾರೆ.'

ಓದುತ್ತ ಅವಳಿಗೆ ಹೆಮ್ಮೆಯೆನಿಸಿತು. ಒಂದಕ್ಷರ ಬಿಡದೆ ಇಂಗ್ಲಿಷಿಗೆ ಮಾಡಿದಳು. ದೇವರ ಹೆಸರನ್ನೂ ಬಿಡಲಿಲ್ಲ.

ಪರ್ಸನಲ್ ಮ್ಯಾನೇಜರು ಯಾರನ್ನೂ ಗದರಿಸಿದ ಮನುಷ್ಯನಲ್ಲ. ಅವಳನ್ನು ಕೂರಿಸಿ, ತಾನೇ ಟೀ ತರಿಸಿಕೊಟ್ಟು, ಹಾಳೆಯನ್ನು ಎರಡು ಸಲ ಓದಿದ.

"ಈ ಮನುಷ್ಯನಿಗೆ ತಲೆ ಇದೆ. ಇಂಥವರನ್ನ ನಾವು ಮೇಲೆ ತರಬೇಕು. ಲೋಡರುಗಳಿಗೆ ಒಬ್ಬ ಸೂಪರ್‌ವೈಜರ್ ಬೇಕು ಅಂತ ನಾನು ಹುಡುಕ್ತಾನೇ ಇದ್ದೀನಿ," ಎಂದು ಹೇಳಿ, ಕನ್ನಡಕ ಮೇಲೆತ್ತಿ, "ಇದ್ಯಾವ ದೇವರಮ್ಮಾ?" ಎಂದು ಕೇಳಿದ.

ಗೊತ್ತಿಲ್ಲ ಸಾರ್ ಅನ್ನಬಹುದಿತ್ತು. ಅವಳ ಮುಖ ಕೆಂಪಾಯಿತು, ನಗು ಬಂತು. ಅಪ್ಪನ ಮಾತು ನೆನಪಾಯಿತು. ದೇವರು ಯಾರ ಮನೆಯದೆಂದು ಹೇಳಿಬಿಟ್ಟಳು.

ಹನ್ನೆರಡು ದಿನ ಕಳೆದ ಮೇಲೆ ಅವಳ ಮೇಜಿಗೆ ಮ್ಯಾನೇಜರ ಕೈಬರಹದ ಒಂದು ಹಾಳೆ ಬಂತು. ಟೈಪಿಗೆ ಕೂತಾಗ ಸೂಪರ್‌ವೈಜರ್ ಆರ್ಡರೇ ಎಂದುಕೊಂಡಳು. ಹಾಳೆಯಲ್ಲಿದ್ದದ್ದು ಬೇರೆ: ಪ್ರಯಾಣಿಕರೊಬ್ಬರ ಪೆಟ್ಟಿಗೆಯಿಂದ ಕ್ಯಾಮೆರಾ ಕಳವು; ಲೋಡರ್ ಚಿಕ್ಕಸ್ವಾಮಿ ಕೆಲಸದಿಂದ ವಜಾ.

ಮೂರು ಕಾರ್ಬನ್ ಹಾಕಿ ಟೈಪು ಮಾಡಿದಳು. ಎಲ್ಲೂ ತಪ್ಪಿರಲಿಲ್ಲ.

*

"ಅಂದ್ರೆ," ಅಂದ ಸ್ವಾಮಿ.

ಅವಳು ಎಲ್ಲ ಹೇಳಿ ಮುಗಿಸಿದ್ದಳು. ಇಬ್ಬರೂ ರಸ್ತೆ ಬದಿಯ ಹುಣಸೆಮರದ ಬುಡದಲ್ಲಿ ನಿಂತಿದ್ದರು. ಲಾರಿಯೊಂದು ಹುರುಳಿ ತುಳಿದುಕೊಂಡು ಹೋಯಿತು. ಅವನು ಧೂಳು ಇಳಿಯುವುದನ್ನೇ ನೋಡಿದ.

"ಅಂದ್ರೆ, ಮಂಜ ಏಳಿರ್ಲಿಲ್ಲ."

"ಯಾವ ಮಂಜ?"

"ನಮ್ ಮಂಜುನಾಥ. ಒಂದೇ ರೂಮಲ್ಲಿದ್ದೋ. ಫಾರಂ ಬರ್ದು ಅವ್ನಿಗೊಬ್ನಿಗೇ ಓದಿದ್ದೆ. ಅವ್ನೇ ಬಾಯ್ಬುಟ್ಟ ಅಂದ್ಕಂಡು ಪಾಂಡ್ವಪುರ ಬಸ್‌ಸ್ಟ್ಯಾಂಡಲ್ಲಿ ನಾಕ್ ಜನದ್ ಮುಂದೆ ಒಡ್ದೆ. ಮುಂದ್ಲಲ್ಲು ಮುರ್ದೋಯ್ತು. ಒಂದ್ ಮಾತ್ ಆಡ್ಲಿಲ್ಲ ಕಣೆ ಅವ್ನು. ಬಾಯಿಗ್ ಟವಲ್ ಇಡ್ಕಂಡು ನೋಡ್ತಾ ನಿಂತಿದ್ದ. ಅವ್ನ ಮದ್ವೆಗೂ ಓಗ್ನಿಲ್ಲ."

"ನಂಗೆ ಗೊತ್ತಿರ್ಲಿಲ್ಲ."

"ಎಂಗ್ ಗೊತ್ತಾದದು? ಕಾಗ್ದ ಒಡ್ದು ಓದಿದ್ರೆ ಗೊತ್ತಾಗದು."

ಓದಿದ್ದಳು. ಎರಡನ್ನೂ ಎಷ್ಟು ಸಲ ಓದಿದ್ದಳೋ. ಉತ್ತರ ಬರೆದರೆ ನಿಜ ಬರೆಯಬೇಕಾಗುತ್ತಿತ್ತು. ಬರೆದರೆ ಅವನು ಹೋಗುತ್ತಿದ್ದ, ಕೆಲಸವೂ ಹೋಗುತ್ತಿತ್ತು. ಬರೆಯದೆ ಇದ್ದದ್ದಕ್ಕೆ ಕೆಲಸವೊಂದು ಉಳಿದಿತ್ತು.

"ಸೂಪರ್‌ವೈಜರ್ ಮಾಡ್ತಾರೆ ಅಂತ ನಂಬಿದ್ದೆ ಸ್ವಾಮಿ. ಅಪ್ಪ ಒಪ್ತಾರೆ ಅಂತ. ನಮ್ಮಿಬ್ರಿಗೇ ಅಂತ್ಲೇ ಹೇಳಿದ್ದು. ನೀನೂ ಆ ದೇವ್ರ ಹೆಸ್ರು ಬರೀಬಾರ್ದಿತ್ತು. ಹೆಸ್ರು ಬೇಡ ಅಂದಿದ್ರಲ್ಲ... ಅಭ್ಯಾಸ ಅಂತ ಬರ್ದ್‌ಬಿಟ್ಟಿದ್ದೀಯ."

ಅವನು ನಕ್ಕ. ಆ ನಗುವನ್ನು ಅವಳು ಹಿಂದೆ ಯಾವತ್ತೂ ಕೇಳಿರಲಿಲ್ಲ.

"ಅಭ್ಯಾಸ ಅಂತೆ ಅಭ್ಯಾಸ. ಕನ್ನಡದವು ನಿನ್ ಕೈಗೇ ಬತ್ತವೆ ಅಂತ ನಂಗೊತ್ತಿರ್ಲಿಲ್ವಾ? ನನ್ದು ಅಂತ ನಿಂಗೊಬ್ಳಿಗೆ ಗೊತ್ತಾಗ್ಲಿ ಅಂತ್ಲೇ ಬರ್ದೆ. ಓದಿ ನಗ್ತಾಳೆ, ಶನ್ವಾರ ಬಸ್ಸಲ್ಲಿ ರೇಗುಸ್ತಾಳೆ ಅಂತ. ಇಡೀ ಫಾರಂ ನಿಂಗ್ ಬರ್ದಿದ್ದು ಕಣೆ. ಆ ಬೊಂಬಾಯಿನೋರ್ಗೆ ಯಾವನ್ ಬರ್ದಾನು?"

ಹನ್ನೊಂದು ತಿಂಗಳು ರಂಜಿತ ತನ್ನ ತಪ್ಪಿನ ಜೊತೆಗೆ ಅವನದೂ ಒಂದು ತಪ್ಪನ್ನು ಇಟ್ಟುಕೊಂಡು ಸಮಾಧಾನ ಮಾಡಿಕೊಂಡಿದ್ದಳು. ಅದೂ ಹೋಯಿತು.

ಬ್ಯಾಗಿನಿಂದ ಕವರು ತೆಗೆದು ಕೊಟ್ಟಳು.

"ಸೋಮವಾರ ಲೇಬರ್ ಕೋರ್ಟಲ್ಲಿ ಯೂನಿಯನ್‌ನೋರು ಹಾಕಿರೋ ನಿನ್ನ ಕೇಸಿದೆ. ಕಳ್ಳತನದ ಕಂಪ್ಲೇಂಟು ಫಾರಂಗಿಂತ ಮುಂಚೇನೇ ಬಂದಿತ್ತು ಅಂತ ನಾನು ಕಂಪನಿ ಕಡೆ ಸಾಕ್ಷಿ ಹೇಳ್ಬೇಕಂತೆ. ಮ್ಯಾನೇಜರು ಮತ್ತೆ ಟೀ ತರಿಸಿದ್ರು. ಫಾರಂ ಎಲ್ಲ ಸುಟ್ಹಾಕು ಅಂದಿದ್ರು, ನಿನ್ದೊಂದ್ನ ಸುಟ್ಟಿರ್ಲಿಲ್ಲ. ಅದು ಇದ್ರಲ್ಲಿದೆ. ನಾನೊತ್ತಿದ್ದ ತಾರೀಖಿದೆ ಅದ್ರ ಮೇಲೆ. ಇನ್ನೊಂದು ನನ್ನ ಹೇಳಿಕೆ. ಕ್ಯಾಮೆರಾ ಅನ್ನೋದೇ ಇರ್ಲಿಲ್ಲ, ಕಳ್ಕೊಂಡೆ ಅಂದ ಪ್ಯಾಸೆಂಜರಿಲ್ಲ, ಟಿಕೆಟ್ಟಿಲ್ಲ. ಎಲ್ಲ ಬರ್ದು ಸಹಿ ಹಾಕಿದ್ದೀನಿ. ಅಲ್ಲೂ ನಿಂತು ಹೇಳ್ತೀನಿ."

"ಕೆಲ್ಸ ಓಯ್ತದೆ."

"ಹೋಗ್ಲಿ."

ಅವನು ಹಾಳೆ ಬಿಡಿಸಿ ಓದಿದ. ಇಂಗ್ಲಿಷು ನಿಧಾನ. ಬೆರಳಿಟ್ಟುಕೊಂಡು ಸಾಲು ಸಾಲಾಗಿ ಓದಿದ. ಅವಳು ಆ ಬೆರಳನ್ನೇ ನೋಡುತ್ತಿದ್ದಳು. ಚಪಾತಿ ಮುರಿಯುವಾಗ ದೊಡ್ಡ ಅರ್ಧವನ್ನು ಅವಳ ಕಡೆ ತಳ್ಳುತ್ತಿದ್ದ ಬೆರಳು. ಉಗುರಿನ ಸುತ್ತ ಹುರುಳಿ ಸಿಪ್ಪೆ ಅಂಟಿತ್ತು. ಒರೆಸಬೇಕು ಅನ್ನಿಸಿತು. ಕೈ ಮುಂದೆ ಹೋಗಿತ್ತು ಕೂಡ.

ಅವನು ಹಾಳೆ ಮಡಿಸಿದ.

"ಇದು ಮೊದ್ಲೇ ಬಂದಿದ್ರೆ, ಏಳ್ದೋಳು ನೀನೇ ಅಂತ ಗೊತ್ತಾದ್ರೂ ಅದ್ನ ಬುಟ್ಬುಡ್ತಿದ್ದೆ ಕಣೆ. ಮೋಸ ಓದ್ಲು, ಪಾಪ, ಅಂತಿದ್ದೆ. ಏಳಿದ್ದಕ್ಕಲ್ಲ ನಂಗೆ ಸಿಟ್ಟು. ಟೈಪ್ ಮಾಡಿದ್ಯಲ್ಲ. ನಾನ್ ಕಳ್ಳ ಅಲ್ಲ ಅಂತ ಈ ಪ್ರಪಂಚದಲ್ಲಿ ಗ್ಯಾರಂಟಿ ಗೊತ್ತಿದ್ದೋಳು ನೀನೊಬ್ಳೇ. ಕೂತ್ಕಂಡು ಟೈಪ್ ಮಾಡ್ದೆ. ಆಮೇಲೆ ಊಟದ್ ಬಾಕ್ಸ್ ತಕ್ಕಂಡ್ ದಿನಾ ಆಪೀಸ್ಗೆ ಓದೆ."

"ಸ್ವಾಮಿ..."

"ಇದ್ನ ತಕತೀನಿ. ನಂಗ್ ಬೇಕು ಇದು. ನಿನ್ನ ತಕಳಕ್ಕಾಗಲ್ಲ."

ದೂರದಲ್ಲಿ ಪುಟ್ಟತಾಯಮ್ಮ ಚೊಂಬು ಹಿಡಿದುಕೊಂಡು ಬರುತ್ತಿದ್ದಳು. ನೀರಿಗೆ ಬೆಲ್ಲ ಹಾಕಿ, ನಿಂಬೆಹಣ್ಣು ಹಿಂಡಿ ತರುವುದಕ್ಕೆ ಅಷ್ಟು ಹೊತ್ತಾಗಿತ್ತು. ಹಣೆಗೆ ಹೊಸದಾಗಿ ಕುಂಕುಮ ಇಟ್ಟುಕೊಂಡಿದ್ದಳು.

"ಅವ್ವಂಗೆ ಏಳು," ಅಂದ ಸ್ವಾಮಿ. "ನಾನೇಳುದ್ರೆ ಮಗ ಅಂತ ನಂಬ್ತಾಳೆ. ಅದು ನಂಬ್ದಂಗಲ್ಲ. ನೀನೇಳು."

"ನೀನೂ ಇರು."

"ನಂಗ್ ಕೆಲ್ಸ ಐತೆ. ಮಂಜನ್ ತಾವ ಓಗ್ಬೇಕು."

ಕವರನ್ನು ಅಂಗಿಯೊಳಗೆ ಇಟ್ಟುಕೊಂಡು, ಮರಕ್ಕೆ ಒರಗಿಸಿದ್ದ ಸೈಕಲ್ಲು ಹತ್ತಿದ. ಚಪ್ಪಲಿ ಮೆಟ್ಟುವುದನ್ನೂ ಮರೆತಿದ್ದ. ಅವಳು ನೋಡುತ್ತಲೇ ನಿಂತಳು. ತಿರುವಿನಲ್ಲಿ ತಿರುಗಿ ನೋಡಬಹುದು ಎಂದುಕೊಂಡಳು. ಸೈಕಲ್ಲಿನ ಮೇಲೆ ಬಗ್ಗಿದ ಅವನ ಬೆನ್ನು ಹಾಗೇ ತಿರುವು ದಾಟಿತು.

"ಎಲ್ಲಿಗ್ ಓದ್ನವ್ವ ಇವ್ನು? ಮನೆಗ್ ಬಂದೋರ್ನ ಬುಟ್ಟು!" ಎಂದು ಪುಟ್ಟತಾಯಮ್ಮ ಚೊಂಬು ಚಾಚಿದಳು. "ಕುಡಿ. ಅನ್ನಕ್ಕಿಟ್ಟಿವ್ನಿ. ಉಂಡ್ಕಂಡೇ ಓಗದು."

ರಂಜಿತ ಚೊಂಬು ಹಿಡಿದುಕೊಂಡಳು, ಕುಡಿಯಲಿಲ್ಲ. ನಿಂತಲ್ಲೇ ಹೇಳಿದಳು. ಕೋರ್ಟಿನ ಭಾಷೆ ಇಲ್ಲಿ ನಡೆಯುವಂತಿರಲಿಲ್ಲ. ನಿಮ್ಮ ಮಗ ಕದ್ದಿಲ್ಲ ಅವ್ವ. ಅವನ ಹೆಸರು ಹೇಳಿದವಳು ನಾನು. ಕಳ್ಳ ಅಂತ ಕಾಗದ ಟೈಪು ಮಾಡಿದವಳೂ ನಾನೇ. ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದೆ. ಸೋಮವಾರ ಕೋರ್ಟಿನಲ್ಲೂ ಇದನ್ನೇ ಹೇಳುತ್ತೇನೆ.

ಮುದುಕಿ ನೆಲ ನೋಡುತ್ತ ಕೇಳಿದಳು.

"ಅಂಗಾರೆ ಕ್ಯಾಮ್ರಾ ಅನ್ನದೇ ಇರ್ಲಿಲ್ವಾ?"

"ಇರ್ಲಿಲ್ಲ ಅವ್ವ."

"ಪೋಲೀಸ್ನೋರು ಬಂದು ನನ್ ರಾಗಿ ಗುಡಾಣ ಎಲ್ಲ ಮಗುಚಾಕುದ್ರು. ಊರ್ನೋರೆಲ್ಲ ಬಾಗ್ಲಲ್ ನಿಂತಿದ್ರು. ನನ್ ಸೀರೆ ಗಂಟೂ ಬಿಚ್ಚಿ ಒದ್ರುದ್ರು." ಅವಳ ದನಿ ಏರಲಿಲ್ಲ. "ಇಲ್ದೇ ಇರೋ ಸಾಮಾನ್ಗೆ."

ರಂಜಿತ ಅವಳ ಕಾಲು ಮುಟ್ಟಲು ಬಗ್ಗಿದಳು. ಪುಟ್ಟತಾಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

ಅಷ್ಟರಲ್ಲಿ ಪಡುವಲಿಂದ ಗಾಳಿ ಬಂತು. ಬೆಳಗಿನಿಂದ ಕಾಯುತ್ತಿದ್ದ ಗಾಳಿ. ರಸ್ತೆಯ ಅಂಚಿನಲ್ಲಿ ಗುಡ್ಡೆ ಮಾಡಿದ್ದ ಹುರುಳಿಯ ಹೊಟ್ಟು ತಾನಾಗಿಯೇ ಏಳತೊಡಗಿತು. ಮುದುಕಿ ಮಗ ಹೋದ ದಾರಿ ನೋಡಿದಳು, ಆಕಾಶ ನೋಡಿದಳು. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಈ ಗಾಳಿ ಹೋದರೆ ನಾಳೆ ಬರುತ್ತದೆಂಬ ನಂಬಿಕೆಯೂ ಇಲ್ಲ.

"ಮೊರಕ್ಕೆ ತುಂಬ್ಕೊಡು," ಅಂದಳು.

ರಂಜಿತ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು ಮೊರ ತುಂಬಿ ತುಂಬಿ ಕೊಟ್ಟಳು. ಪುಟ್ಟತಾಯಮ್ಮ ಎತ್ತಿ ಗಾಳಿಗೆ ಬಿಟ್ಟಳು. ಕಾಳು ನೇರ ಕೆಳಗೆ ಬಿತ್ತು, ಹೊಟ್ಟು ಹಾರಿ ರಂಜಿತಳ ತಲೆಗೆ, ಕತ್ತಿಗೆ, ಆಫೀಸಿನ ಸೀರೆಗೆ ಕೂತಿತು. ಕಣ್ಣಿಗೆ ಧೂಳು ಬಿದ್ದು ನೀರು ಬಂತು. ಒರೆಸಿಕೊಳ್ಳಲು ಬಿಡುವಿರಲಿಲ್ಲ. ಇಬ್ಬರೂ ಗುಡ್ಡೆಯ ಮುಕ್ಕಾಲು ಭಾಗ ತೂರಿದರು.

ನಾಗಮಂಗಲದ ಕಡೆಯ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ಪುಟ್ಟತಾಯಮ್ಮನೇ ಮೊರ ಅಡ್ಡ ಹಿಡಿದು ನಿಲ್ಲಿಸಿದಳು. ಒಲೆಯ ಮೇಲಿನ ಅನ್ನದ ಮಾತು ಮತ್ತೆ ಬರಲಿಲ್ಲ.

ರಂಜಿತ ಮೆಟ್ಟಿಲ ಮೇಲೆ ಕಾಲಿಟ್ಟಾಗ ಮುದುಕಿ ಕೇಳಿದಳು:

"ಸೋಮ್ವಾರ ಬತ್ತೀಯಾ ಕೋರ್ಟ್ಗೆ?"

"ಬರ್ತೀನಿ ಅವ್ವ."

"ತಪ್ಪುಸ್ಬ್ಯಾಡ. ಅಲ್ಲಿಗ್ ಬಾ," ಅಂದಳು ಪುಟ್ಟತಾಯಮ್ಮ. "ಇಲ್ಲಿಗ್ ಬರ್ಬ್ಯಾಡ."